ಡಾಸನ್ನನ ಬಸವನಹುಳು

ಕೆನಡಾ ದೇಶದ ಮೂಡಣ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ಮೈಚಾಚಿ ಮಲಗಿರುವ ಪ್ರಾಂತಕ್ಕೆ ನೋವಾ ಸ್ಕೋಷಿಯಾ ಎಂದು ಹೆಸರು. ಅದರ ಪಡುವಣ ಮಗ್ಗುಲಿಗೆ ಫಂಡಿ ಕೊಲ್ಲಿ. ಪ್ರಪಂಚದಲ್ಲಿಯೇ ಅತಿ ಎತ್ತರದ ಉಬ್ಬರವಿಳಿತಗಳು ಏಳುವುದು ಈ ಕೊಲ್ಲಿಯಲ್ಲಿ; ನೀರು ಐವತ್ತು ಅಡಿಗಳಷ್ಟು ಏರಿ ಇಳಿಯುವ ಎಡೆಗಳು ಅಲ್ಲಿವೆ. ಕೊಲ್ಲಿಯ ಒಂದು ಒಳಚಾಚಿನ ಮೇಲೆ ಜಾಗಿನ್ಸ್ ಎಂಬ ಸಣ್ಣ ಊರು. ದಿನಕ್ಕೆರಡು ಬಾರಿ ಬಂದು ಬಡಿಯುವ ಈ ನೀರು ಅಲ್ಲಿಯ ಕರೆಯ ಬಂಡೆಗಳನ್ನು ಬುಡದಿಂದ ಕೊರೆದು ಕೆಡವುತ್ತಲೇ ಇರುತ್ತದೆ. ಹೀಗೆ ಬಗೆದಿಟ್ಟ ಬಂಡೆಯ ಗೋಡೆಯಲ್ಲಿ ಕಾಣುವ ನೋಟ ವಿಚಿತ್ರವಾದುದು. ಪದರದ ಮೇಲೆ ಪದರ ಪೇರಿಸಿದ ಕಲ್ಲುಗಳ ನಡುವೆ ಮರಗಳು ನಿಂತಿವೆ! ಬಿದ್ದ ಮರಗಳಲ್ಲ, ಬೇರೂರಿ ಬೆಳೆದಲ್ಲಿಯೇ ನಿಂತು ಕಲ್ಲಾದ ಮರಗಳು. ಮೂವತ್ತೊಂದು ಕೋಟಿ ವರ್ಷಗಳಷ್ಟು ಹಿಂದೆ, ಭೂಮಿಯ ಕಲ್ಲಿದ್ದಲೆಲ್ಲ ಹಸುರಾಗಿದ್ದ ಕಾಲದಲ್ಲಿ, ಅವು ಅಲ್ಲಿ ಕಾಡಾಗಿ ನಿಂತಿದ್ದವು.

ಈ ಬಂಡೆಗಳ ಎದುರಿಗೆ 1852ನೆಯ ಇಸವಿಯಲ್ಲಿ ಇಬ್ಬರು ಸುತ್ತಿಗೆ ಹಿಡಿದು ನಿಂತಿದ್ದರು. ಒಬ್ಬನು ಲೋಕವಿಖ್ಯಾತನಾದ ಸರ್ ಚಾರ್ಲ್ಸ್ ಲಯಲ್. ಭೂಗರ್ಭಶಾಸ್ತ್ರಕ್ಕೆ ಆಗಿನ ಕಾಲದ ಆಚಾರ್ಯಪುರುಷನೆಂದರೆ ತಪ್ಪಾಗದು. ಇನ್ನೊಬ್ಬನು ಪ್ರಾಂತದ ಶಾಲೆಗಳ ಮೇಲ್ವಿಚಾರಕನಾಗಿದ್ದ ಮೂವತ್ತೆರಡು ವರ್ಷದೊಳಗಿನ ತರುಣ, ಜಾನ್ ವಿಲಿಯಂ ಡಾಸನ್. ಆ ದಿನಗಳ ದುಡಿಮೆಯಲ್ಲಿ ದೊರೆತ ವಸ್ತುಗಳಲ್ಲಿ ಭತ್ತದ ಕಾಳಿನಷ್ಟು ಉದ್ದದ ಒಂದು ಚಿಪ್ಪೂ ಇತ್ತು. ಡಾಸನ್ನನು ಮುಂದೆ ದೊಡ್ಡ ವಿಶ್ವವಿದ್ಯಾನಿಲಯವೊಂದನ್ನು ಕಟ್ಟಿದನು, ಸರ್ ಪದವಿಯನ್ನು ಪಡೆದನು, ಎರಡು ಖಂಡಗಳ ವಿದ್ವತ್ಸಭೆಗಳಿಗೆ ಅಧ್ಯಕ್ಷನಾದನು, ಡಾರ್ವಿನ್ನನ ಮತದೊಡನೆ ಕಡೆಯವರೆಗೂ ಕಾದಾಡಿದನು. ಆತನ ಹೆಸರನ್ನು ಎತ್ತಿದೊಡನೆ ವಿದ್ವಾಂಸರಿಗೆ ಇವೆಲ್ಲ ನೆನಪಿಗೆ ಬರುತ್ತವೆ. ಆದರೆ ಆತನ ಮನೋಧರ್ಮವನ್ನು ಅರಿಯಬೇಕೆನ್ನುವವರು ಈ ಚಿಪ್ಪಿನ ಕಥೆಯನ್ನು ಹಿಡಿದು ಹೋಗುವುದು ಮೇಲೆಂದು ನನಗೆ ತೋರುತ್ತದೆ.

ಡಾಸನ್ನನು ಹುಟ್ಟಿದ್ದು 1820ರ ಅಕ್ಟೋಬರ್ 13ರಂದು, ನೋವಾ ಸ್ಕೋಷಿಯಾದ ಪಿಕ್ಟೂ ಎಂಬ ರೇವು ಪಟ್ಟಣದಲ್ಲಿ. ತಂದೆ ಜೇಮ್ಸ್ ಡಾಸನ್ ಸ್ಕಾಟ್ಲೆಂಡಿನಿಂದ ವಲಸೆ ಬಂದವನು; ವ್ಯಾಪಾರದಲ್ಲಿ ಕೈಸುಟ್ಟುಕೊಂಡು, ಪುಸ್ತಕದ ಅಂಗಡಿಯನ್ನಿಟ್ಟು, ಬಹುಕಾಲ ಸಾಲ ತೀರಿಸುತ್ತ ಬಂದವನು. ಮನೆಯಲ್ಲಿ ಹಣಕ್ಕೆ ಬಡತನವಿದ್ದರೂ ಪುಸ್ತಕಕ್ಕೂ ದೈವಭಕ್ತಿಗೂ ಬಡತನವಿರಲಿಲ್ಲ. ಹುಡುಗನು ಶಾಲೆಗೆ ಹೋಗುತ್ತಿದ್ದಾಗ, ಬಳಪಕ್ಕೆಂದು ಜೇಡಿಗಲ್ಲನ್ನು ಸೀಳುತ್ತಿರುವಲ್ಲಿ, ಕಲ್ಲಿನ ಮೈಮೇಲೆ ಎಲೆಯೊಂದರ ಅಚ್ಚು ಕಣ್ಣಿಗೆ ಬಿತ್ತು. ಅದು ನಿಜವಾದ ಎಲೆಯೇ, ಕಲ್ಲು ಆಡಿದ ಆಟವೇ ಎಂದು ಅವನಿಗೆ ಬಗೆಹರಿಯಲಿಲ್ಲ. ಗುರುಗಳಾದ ತಾಮಸ್ ಮಕಲಕ್‌ರ ಬಳಿಗೆ ಒಯ್ದು ತೋರಿಸಿದನು. ಅವರು ಅದು ಪಳೆಯುಳಿಕೆಯೆಂದು ತಿಳಿಯಹೇಳಿದರು. ಇದು ಏನು, ಯಾವ ಗುಂಪಿಗೆ ಸೇರಿದ್ದು ಎಂಬ ಪ್ರಶ್ನೆ ಅಂದು ಹಿಡಿದದ್ದು ಮತ್ತೆ ಅವನನ್ನು ಬಿಡಲಿಲ್ಲ.

1840ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋಗಿ ರಾಬರ್ಟ್ ಜೇಮ್‌ಸನ್ನನ ಪಾಠಗಳನ್ನು ಕೇಳಿದನು. ಹಣವಿಲ್ಲದೆ ಓದನ್ನು ನಡುವೆಯೇ ಬಿಟ್ಟು ಊರಿಗೆ ಮರಳಬೇಕಾಯಿತು. 1842ರಲ್ಲಿ ಲಯಲ್ಲನು ನೋವಾ ಸ್ಕೋಷಿಯಾಕ್ಕೆ ಬಂದಾಗ ದಾರಿ ತೋರಿಸಲು ಸ್ಥಳವನ್ನು ಬಲ್ಲ ಯುವಕನೊಬ್ಬ ಬೇಕಾಗಿದ್ದನು, ಡಾಸನ್ನನು ಸಿಕ್ಕಿದನು. ಗುರುಶಿಷ್ಯಭಾವವೂ ಗೆಳೆತನವೂ ಬೆರೆತ ಆ ಸಂಬಂಧ 1875ರಲ್ಲಿ ಲಯಲ್ಲನು ತೀರಿಕೊಳ್ಳುವವರೆಗೆ ನಡೆಯಿತು. ಮರಳಿ ಎಡಿನ್‌ಬರೋಗೆ ಹೋಗಿ ಸ್ವಲ್ಪ ಕಾಲ ರಸಾಯನಶಾಸ್ತ್ರವನ್ನು ಕಲಿತು, 1847ರಲ್ಲಿ ಮಾರ್ಗರೆಟ್ ಮರ್ಸರ್ ಎಂಬ ಅಲ್ಲಿಯ ಹೆಣ್ಣುಮಗಳನ್ನು ಮದುವೆಯಾಗಿ ಕರೆತಂದನು. 1850ರಲ್ಲಿ ಶಾಲೆಗಳ ಮೇಲ್ವಿಚಾರಣೆಯ ಕೆಲಸ ಬಂತು. ಊರೂರು ಸುತ್ತುವ ಕೆಲಸ. ಪ್ರಾಂತದ ಕಲ್ಲುಗಳನ್ನೆಲ್ಲ ನೋಡುವುದಕ್ಕೆ ಸರಕಾರವೇ ದಾರಿ ಮಾಡಿಕೊಟ್ಟಂತಾಯಿತು.

ಇನ್ನು ಆ ಮರದ ವಿಷಯ. ಜಾಗಿನ್ಸಿನಲ್ಲಿ ನಿಂತಿರುವವು ಸಿಜಿಲೇರಿಯಾ ಎಂಬ ಹೆಸರಿನ, ಈಗ ಭೂಮಿಯ ಮೇಲೆಲ್ಲೂ ಇಲ್ಲದ ಮರಗಳು. ಅವಕ್ಕೆ ಹೊರತೊಗಟೆ ಗಟ್ಟಿ, ಒಳತಿರುಳು ಮೃದು. ನೆರೆ ಬಂದಾಗ ಕೆಸರು ಮರಳುಗಳು ಕಾಡಿನ ನೆಲವನ್ನು ತುಂಬಿ ಮರದ ಬುಡವನ್ನು ಹಲವು ಅಡಿಗಳವರೆಗೆ ಹೂಳುತ್ತಿದ್ದವು. ಮರ ಸಾಯುತ್ತಿತ್ತು, ಮೇಲಿನ ಭಾಗ ಮುರಿದು ಬೀಳುತ್ತಿತ್ತು, ಒಳಗಿನ ತಿರುಳು ಕೊಳೆತುಹೋಗುತ್ತಿತ್ತು. ಉಳಿಯುವುದು ತೊಗಟೆಯ ಕೊಳವೆ, ಹೊಸ ನೆಲದಲ್ಲಿ ಬಾಯ್ದೆರೆದ ಒಂದು ಬಾವಿ. ಕಾಡಿನ ಸಣ್ಣಪುಟ್ಟ ಪ್ರಾಣಿಗಳು ಅದರೊಳಕ್ಕೆ ಬಿದ್ದು ಹೊರಬರಲಾರದೆ ಸತ್ತುವೆಂದು ಡಾಸನ್ನನ ಎಣಿಕೆ. ಅವು ಬಿದ್ದವಲ್ಲ, ಗೂಡು ಮಾಡಿಕೊಂಡಿದ್ದವು ಎನ್ನುವ ವಾದವೂ ಈಚೆಗೆ ಬಂದಿದೆ. ಅದೇನೇ ಇರಲಿ, ಮುಂದಿನ ನೆರೆ ಆ ಬಾವಿಯನ್ನೂ ತುಂಬಿತು, ಎಲ್ಲವೂ ಕಲ್ಲಾಯಿತು.

ಲಯಲ್ ಡಾಸನ್ನರು ಇಂತಹ ಮರವೊಂದರ ಹೂರಣವನ್ನು ಒಡೆದು ನೋಡಿದಾಗ ಸಣ್ಣ ಮೂಳೆಗಳು ಕಂಡವು. ಲಯಲ್ಲನು ಅವನ್ನು ಬಾಸ್ಟನ್ನಿಗೆ ಒಯ್ದು ಹಾರ್ವರ್ಡಿನ ಜೆಫ್ರೀಸ್ ವೈಮನ್ನನಿಗೆ ತೋರಿಸಿದನು. ಆಮೇಲೆ ಲಂಡನ್ನಿನಲ್ಲಿ ರಿಚರ್ಡ್ ಓವೆನ್ನನು ಪರೀಕ್ಷಿಸಿದನು. ಅವು ನೆಲದ ಮೇಲೆ ಓಡಾಡಿದ ಚತುಷ್ಪಾದಿಯ ಮೂಳೆಗಳೆಂದು ನಿಶ್ಚಯವಾಗಿ, ಆ ಪ್ರಾಣಿಗೆ ಡೆಂಡ್ರರ್ಪೆಟಾನ್ ಎಂಬ ಹೆಸರು ಬಂತು. ಅದೇ ಮರದ ಅದೇ ಕಲ್ಲುಗಳಲ್ಲಿ ಸುರುಳಿ ಸುತ್ತಿದ ಒಂದು ಚಿಪ್ಪೂ ಬೆಳಕಿಗೆ ಬಂದಿತ್ತು. 1853ರಲ್ಲಿ ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಇಬ್ಬರ ಹೆಸರಿನಲ್ಲಿಯೂ ಪ್ರಕಟವಾದ ಲೇಖನ, ಮೂಳೆಗಳನ್ನೂ ಚಿಪ್ಪನ್ನೂ ಒಟ್ಟಿಗೆ ಲೋಕಕ್ಕೆ ಪರಿಚಯ ಮಾಡಿಸಿತು.

ಒಂದು ಚಿಪ್ಪಿಗೆ ಇಷ್ಟು ಸಂಭ್ರಮವೇಕೆಂದು ವಾಚಕರು ಕೇಳಬಹುದು. ಕಡಲಿನ ಚಿಪ್ಪುಗಳು ಹಳೆಯ ಕಲ್ಲುಗಳಲ್ಲಿ ಮಣಗಟ್ಟಲೆ ಸಿಗುತ್ತವೆ. ಕಡಲ ತಳದಲ್ಲಿ ಹೂಳು ಕೂತು ಕಲ್ಲಾಗುವುದು ಸಹಜ. ನೆಲದ ಮೇಲೆ ಸತ್ತ ಜೀವಿಯ ಗತಿ ಬೇರೆ; ಗಾಳಿ, ಮಳೆ, ಹುಳಿಗೂಡಿದ ಮಣ್ಣು ಅದನ್ನು ನುಂಗಿಹಾಕುತ್ತವೆ. ಆದ್ದರಿಂದ ಅಷ್ಟು ಪ್ರಾಚೀನವಾದ ಶಿಲೆಗಳಲ್ಲಿ ನೆಲದ ಮೇಲೆ ಬದುಕಿದ ಬಸವನಹುಳು ಅಲ್ಲಿಯವರೆಗೆ ಒಂದಾದರೂ ದೊರೆತಿರಲಿಲ್ಲ. ಇದೇ ಮೊದಲನೆಯದು. 1859ರಲ್ಲಿ ಡಾರ್ವಿನ್ನನು ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥವನ್ನು ಹೊರತಂದಾಗ, ಶಿಲೆಗಳ ದಾಖಲೆ ಎಷ್ಟು ಹರಕು ಎಂಬುದನ್ನು ತೋರಿಸಲು ಈ ಚಿಪ್ಪನ್ನೇ ಎತ್ತಿಕೊಂಡನು. ಯುಗಯುಗಗಳ ಕಾಲ ನೆಲದ ಮೇಲೆ ಬದುಕಿದ ಬಸವನಹುಳುಗಳಲ್ಲಿ ನಮಗೆ ಸಿಕ್ಕಿರುವುದು ಅಮೆರಿಕಾದ ಕಲ್ಲಿದ್ದಲ ಪದರಗಳ ಈ ಒಂದೇ ಒಂದು ಎಂಬುದು ಆತನ ಮಾತಿನ ಸಾರ. ಮೊದಲ ಆವೃತ್ತಿಯಲ್ಲಿ ಅದನ್ನು ಕಂಡುಹಿಡಿದವನೆಂದು ಲಯಲ್ಲನ ಹೆಸರಷ್ಟೇ ಇತ್ತು. ಮುಂದಿನ ಆವೃತ್ತಿಯಲ್ಲಿ ಡಾಸನ್ನನ ಹೆಸರೂ ಸೇರಿತು. ಚಿಪ್ಪು ಯಾರ ಕೈಗೆ ಸಿಕ್ಕಿತೋ ಅವರ ವಾದಕ್ಕೆ ಸಾಕ್ಷಿ ನುಡಿಯುವುದು ಅಲ್ಲಿಂದಲೇ ಮೊದಲಾಯಿತೆನ್ನಬಹುದು.

ಡಾಸನ್ನನು ಅದಕ್ಕೆ ಪ್ಯೂಪ ವೆಟುಸ್ಟ ಎಂದು ಹೆಸರಿಟ್ಟನು. ವೆಟುಸ್ಟ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬಹು ಹಳೆಯದು ಎಂದರ್ಥ. ಪ್ಯೂಪ ಎಂಬುದು ಆಗ ಬದುಕಿದ್ದ, ಇಂದಿಗೂ ಯೂರೋಪಿನ ಕಲ್ಲುಸಂದಿಗಳಲ್ಲಿ ಕಾಣಬರುವ, ರೇಷ್ಮೆಯ ಗೂಡಿನಂತೆ ನೀಳವಾಗಿ ದುಂಡಗಿರುವ ಸಣ್ಣ ಬಸವನಹುಳುಗಳಿಗೆ ವಿದ್ವಾಂಸರು ಕೊಟ್ಟಿದ್ದ ಹೆಸರು. ಹೀಗೆ ಆ ಹೆಸರಿನಲ್ಲಿಯೇ ಒಂದು ಸಿದ್ಧಾಂತ ಅಡಗಿತ್ತು: ಕಲ್ಲಿದ್ದಲ ಕಾಡಿನ ಜೀವಿಯೂ ನಿನ್ನೆ ಹಿತ್ತಿಲಲ್ಲಿ ಹರಿದ ಜೀವಿಯೂ ಒಂದೇ ಜಾತಿ, ಕೋಟ್ಯಂತರ ವರ್ಷಗಳು ಕಳೆದರೂ ಆ ಮನೆತನ ಕದಲಲಿಲ್ಲ. ಓವೆನ್ನನಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಆತನು ಇದನ್ನು ಪ್ರತ್ಯೇಕ ಜಾತಿಯೆಂದೆಣಿಸಿ ಡೆಂಡ್ರೊಪ್ಯೂಪ, ಎಂದರೆ ಮರದ ಪ್ಯೂಪ, ಎಂದು ಕರೆದನು. ಇಂದು ಗ್ರಂಥಗಳಲ್ಲಿ ಉಳಿದಿರುವುದು ಓವೆನ್ನನ ಹೆಸರೇ. ಪ್ಯೂಪ ಎಂಬ ಹಳೆಯ ಹೆಸರಿನ ಗತಿಯನ್ನು ಕೇಳಿದರೆ ನಗು ಬರುತ್ತದೆ. ಆ ಹೆಸರಿನ ಚೀಲದೊಳಗೆ ತುಂಬಿದ್ದ ನೆಲದ ಹುಳುಗಳನ್ನೆಲ್ಲ ಮುಂದಿನವರು ಹೊರತೆಗೆದು ಹಲವು ಕುಟುಂಬಗಳಿಗೆ ಹಂಚಿದರು. ಮೊದಲು ಇಟ್ಟವನದೇ ಹಕ್ಕು ಎಂಬ ನಾಮಕರಣದ ನಿಯಮದ ಮೇರೆಗೆ ಪ್ಯೂಪ ಎಂಬ ಬರಿಯ ಹೆಸರು ಈಗ ಕಡಲಿನಲ್ಲಿ ವಾಸಿಸುವ ಬೇರೊಂದು ಚಿಪ್ಪಿನ ಪಾಲಾಗಿದೆ!

1855 ಡಾಸನ್ನನ ಬಾಳಿನ ತಿರುವು. ಎಡಿನ್‌ಬರೋದಲ್ಲಿ ಪ್ರಕೃತಿಚರಿತ್ರೆಯ ಪ್ರಾಧ್ಯಾಪಕ ಪೀಠ ತೆರವಾಗಿತ್ತು. ಅದು ತನಗೆ ಸಿಗಬೇಕೆಂದು ಆತನಿಗೆ ಬಹಳ ಆಸೆ, ಲಯಲ್ಲನ ಶಿಫಾರಸೂ ಇತ್ತು. ಪೀಠ ಬೇರೊಬ್ಬನಿಗೆ ಹೋಯಿತು. ಅದೇ ಸುಮಾರಿಗೆ ಮಾಂಟ್ರಿಯಲ್ಲಿನ ಮೆಗಿಲ್ ವಿಶ್ವವಿದ್ಯಾನಿಲಯದಿಂದ ಪ್ರಾಂಶುಪಾಲನ ಪದವಿಗೆ ಕರೆ ಬಂತು. ಹೋಗಿ ನೋಡಿದರೆ ಅರ್ಧ ಕಟ್ಟಿದ ಕಟ್ಟಡಗಳು, ದನ ಮೇಯುವ ಅಂಗಳ, ಖಾಲಿ ಬೊಕ್ಕಸ. ಡಾಸನ್ನನು ಅಲ್ಲಿ 1893ರವರೆಗೆ, ಮೂವತ್ತೆಂಟು ವರ್ಷ ನಿಂತನು. ತಾನೇ ಗಿಡ ನೆಡಿಸಿದನು, ತಾನೇ ಪಾಠ ಹೇಳಿದನು, ಊರಿನ ವರ್ತಕರ ಮನೆಬಾಗಿಲುಗಳನ್ನು ತಟ್ಟಿ ಹಣ ತಂದನು. ಉಪಾಧ್ಯಾಯರ ಶಿಕ್ಷಣಶಾಲೆಯನ್ನು 1857ರಲ್ಲಿ ತೆರೆದನು. 1884ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಆದರೆ ಗಂಡುಹುಡುಗರೊಡನೆ ಒಂದೇ ಕೊಠಡಿಯಲ್ಲಿ ಕೂರಕೂಡದೆಂಬುದು ಪ್ರಾಂಶುಪಾಲನ ಹಟ. ಪೀಟರ್ ರೆಡ್‌ಪಾತ್ ಎಂಬ ಧನಿಕನ ದಾನದಿಂದ 1882ರಲ್ಲಿ ಎದ್ದ ವಸ್ತುಸಂಗ್ರಹಾಲಯದಲ್ಲಿ ಡಾಸನ್ನನ ಸಂಗ್ರಹಗಳು ನೆಲೆಗೊಂಡವು.

ಇಷ್ಟೆಲ್ಲದರ ನಡುವೆ ಬೇಸಗೆಯ ಬಿಡುವಿನಲ್ಲಿ ಆತನು ಮತ್ತೆ ಮತ್ತೆ ಜಾಗಿನ್ಸಿಗೆ ಬರುತ್ತಿದ್ದನು. ಮರವೊಂದರಲ್ಲಿ ಸಿಕ್ಕ ಹಲ್ಲಿಯಂತಹ ಪುಟ್ಟ ಪ್ರಾಣಿಗೆ 1860ರಲ್ಲಿ ಹೈಲೊನೋಮಸ್ ಲಯೆಲ್ಲಿ ಎಂದು ಗುರುವಿನ ಹೆಸರನ್ನಿಟ್ಟನು. ಬಹುಕಾಲ ಅದೇ ಪ್ರಪಂಚದ ಅತಿ ಹಳೆಯ ಸರೀಸೃಪವೆಂದು ಗಣ್ಯವಾಗಿತ್ತು. ಸಹಸ್ರಪದಿಗಳೂ ಸಿಕ್ಕವು. ಬಸವನಹುಳುವಿನ ಚಿಪ್ಪುಗಳಂತೂ ಒಂದಲ್ಲ ಹಲವು ದೊರೆತವು. ಮೊದಲ ಮರವಿದ್ದ ಪದರಕ್ಕಿಂತ ಸುಮಾರು 1,200 ಅಡಿ ಕೆಳಗಿನ ಒಂದು ತೆಳುವಾದ ಮಣ್ಣಿನ ಪದರದಲ್ಲಿ ಅದೇ ಪ್ರಭೇದದ ಚಿಪ್ಪುಗಳು ರಾಶಿಯಾಗಿ ಕಂಡವು. ಆ ಎರಡರ ನಡುವೆ ಎಷ್ಟೋ ಕಾಡುಗಳು ಹುಟ್ಟಿ, ಮುಳುಗಿ, ಕಲ್ಲಿದ್ದಲಾಗಿವೆ. ಹುಳು ಮಾತ್ರ ಇದ್ದ ಹಾಗೆಯೇ ಇದೆ. ಇದನ್ನು ಕಂಡಾಗ ಡಾಸನ್ನನಿಗೆ ಆದ ಹರ್ಷವನ್ನು ಊಹಿಸಬಹುದು. 1863ರಲ್ಲಿ ಕಲ್ಲಿದ್ದಲ ಕಾಲದ ವಾಯುಜೀವಿಗಳನ್ನು ಕುರಿತ ಆತನ ಗ್ರಂಥ ಹೊರಬಂತು. ಮುಂದೆ ಲಂಡನ್ನಿನ ರಾಯಲ್ ಸೊಸೈಟಿಯ ಧನಸಹಾಯವನ್ನು ಪಡೆದು, ಸಿಡಿಮದ್ದಿಟ್ಟು ಒಡೆದು, ಇಪ್ಪತ್ತಕ್ಕೂ ಹೆಚ್ಚು ಮರಗಳ ಒಡಲನ್ನು ಬಗೆದು ನೋಡಿ, ಫಲಿತಾಂಶವನ್ನು 1882ರಲ್ಲಿ ಅಲ್ಲಿಯೇ ಪ್ರಕಟಿಸಿದನು.

ಈ ಹರ್ಷದ ಮೂಲವನ್ನು ಬಿಡಿಸಿ ಹೇಳಬೇಕು. ಡಾಸನ್ನನು ದೃಢಭಕ್ತನಾದ ಕ್ರೈಸ್ತ. ಭೂಮಿಯ ವಯಸ್ಸು ಅಪಾರವೆಂಬುದನ್ನು ಆತನು ಮನಸಾರೆ ಒಪ್ಪಿದ್ದನು. ಸೃಷ್ಟಿಯ ಆರು ದಿನಗಳು ಆರು ದೀರ್ಘಯುಗಗಳೆಂದು ಅರ್ಥ ಮಾಡಿಕೊಂಡಿದ್ದನು. ಆದರೆ ಒಂದು ಜೀವಿ ಮತ್ತೊಂದಾಗಿ ಮಾರ್ಪಡುತ್ತದೆಂಬ ಮಾತು ಆತನಿಗೆ ಸಹಿಸಲಿಲ್ಲ. 1860ರಲ್ಲಿಯೇ ಡಾರ್ವಿನ್ನನ ಗ್ರಂಥವನ್ನು ಕಟುವಾಗಿ ವಿಮರ್ಶಿಸಿದನು. ಆಮೇಲೆ ನಾಲ್ಕು ದಶಕಗಳ ಕಾಲ, ತನ್ನ ಶಿಷ್ಯರೂ ಗೆಳೆಯರೂ ಒಬ್ಬೊಬ್ಬರಾಗಿ ಆ ಪಕ್ಷಕ್ಕೆ ಸರಿಯುತ್ತಿದ್ದಾಗಲೂ, ಲಯಲ್ಲನೇ ತಡೆತಡೆದು ಒಪ್ಪಿಕೊಂಡಾಗಲೂ, ಅಲುಗಲಿಲ್ಲ. ಈ ವಾದದಲ್ಲಿ ಬಸವನಹುಳು ಆತನ ಪಕ್ಷದ ಪ್ರಬಲ ಸಾಕ್ಷಿ. ಅದು ಪ್ಯೂಪವೇ ಆಗಿದ್ದರೆ, ಅಷ್ಟು ಕಾಲದ ಮೇಲೂ ಬದಲಾಗದ ಜೀವಿ ಕಣ್ಣೆದುರಿಗೇ ಇದೆ ಎಂದಾಯಿತು. ವರ್ಗೀಕರಣವೆಂದರೆ ವಸ್ತುಸಂಗ್ರಹಾಲಯದ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವೆಂದು ನಾವು ತಿಳಿಯುತ್ತೇವೆ. ಡಾಸನ್ನನಿಗೆ ಆ ಚೀಟಿಯ ಮೇಲಿನ ಒಂದು ಪದ ಸೃಷ್ಟಿಕರ್ತನ ಸಾಕ್ಷ್ಯವಾಗಿತ್ತು.

1880ರಲ್ಲಿ ಆತನು ಪ್ರಾಚೀನ ಯುಗದ ನೆಲದ ಬಸವನಹುಳುಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು ಪುನಃ ಪರಿಶೀಲಿಸಿದನು. ಅಷ್ಟರಲ್ಲಿ ಹುಳುಗಳ ಸಂಖ್ಯೆ ಬೆಳೆದಿತ್ತು. ಮಾಂಟ್ರಿಯಲ್ಲಿನಲ್ಲಿ ಬಂದು ನೆಲೆಸಿದ್ದ ಚಿಪ್ಪುಗಳ ಪಂಡಿತ ಫಿಲಿಪ್ ಕಾರ್ಪೆಂಟರ್, ಜಾಗಿನ್ಸಿನ ಮತ್ತೊಂದು ಚಪ್ಪಟೆ ಸುರುಳಿಯ ಹುಳುವನ್ನು ವರ್ಣಿಸಿದ್ದನು. ಅಮೆರಿಕಾ ಸಂಯುಕ್ತ ಸಂಸ್ಥಾನದ ಇಲಿನಾಯ್ ಪ್ರಾಂತದಲ್ಲಿ ಬ್ರಾಡ್ಲಿ ಎಂಬಾತನು ಕಂಡುಹಿಡಿದ ಒಂದಕ್ಕೆ ಗೌರವದಿಂದ ಡಾಸನೆಲ್ಲ ಎಂದೇ ಹೆಸರಿಟ್ಟಿದ್ದನು. ವಿಚಿತ್ರವೆಂದರೆ, ಈ ಡಾಸನೆಲ್ಲ ಹೊರನೋಟಕ್ಕೆ ಸಾಧಾರಣ ನೆಲದ ಹುಳುವಿನಂತೆ ಕಂಡರೂ, ಅದರ ನೆಂಟಸ್ತಿಕೆ ಬೇರೊಂದು ವಂಶದೊಡನೆ ಎಂಬ ಮಾತು ಮುಂದೆ ಬಲವಾಯಿತು.

ಈ ಬೇರೆ ವಂಶದ ಮಾತನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಬಸವನಹುಳುಗಳೆಲ್ಲ ಮೂಲದಲ್ಲಿ ಕಡಲಿನ ಜೀವಿಗಳು. ಅವು ನೆಲಕ್ಕೆ ಹತ್ತಿ ಬಂದದ್ದು ಒಂದು ಸಲವಲ್ಲ, ಒಂದು ದಾರಿಯಿಂದಲ್ಲ. ಒಂದು ವಂಶದವು ಕಿವಿರನ್ನು ಕಳೆದುಕೊಂಡು ಮೈಯೊಳಗೆ ಶ್ವಾಸಕೋಶವನ್ನು ಬೆಳೆಸಿಕೊಂಡವು. ಅವುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಒಂದೇ ಹುಳು ಎರಡೂ ಆಗಿರುತ್ತದೆ. ಕಣ್ಣುಗಳು ನೀಳವಾದ ಕೊಂಬಿನ ತುದಿಯಲ್ಲಿರುತ್ತವೆ. ಚಿಪ್ಪಿನ ಬಾಯಿಗೆ ಮುಚ್ಚಳವಿಲ್ಲ. ಇನ್ನೊಂದು ವಂಶದವು ತಾವೂ ಬೇರೆಯಾಗಿ ನೆಲಕ್ಕೆ ಬಂದು ಗಾಳಿಯನ್ನು ಉಸಿರಾಡಲು ಕಲಿತರೂ ಗಂಡು ಹೆಣ್ಣುಗಳು ಬೇರೆಬೇರೆಯಾಗಿಯೇ ಉಳಿದವು. ಕಣ್ಣು ಕೊಂಬಿನ ಬುಡದಲ್ಲಿ. ಕಾಲಿನ ಹಿಂಬದಿಯಲ್ಲಿ ಹೊತ್ತು ತಿರುಗುವ ಒಂದು ದುಂಡು ಮುಚ್ಚಳದಿಂದ, ಒಳಗೆ ಸೇರಿದೊಡನೆ ಬಾಗಿಲು ಹಾಕಿಕೊಳ್ಳುತ್ತವೆ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಎರಡು ಬಗೆಯವೂ ಇವೆ; ಮಳೆಗಾಲದಲ್ಲಿ ಮಲೆನಾಡಿನ ತರಗೆಲೆಗಳನ್ನು ಕೆದಕುವವರು ಬಾಗಿಲುಳ್ಳದ್ದನ್ನೂ ಬಾಗಿಲಿಲ್ಲದ್ದನ್ನೂ ಒಂದೆಡೆಯಲ್ಲಿಯೇ ಕಾಣಬಹುದು. ಜೀವಂತ ಹುಳುವಿನಲ್ಲಿ ಈ ಭೇದವನ್ನು ಮಗುವೂ ತೋರಿಸಬಲ್ಲದು. ಕಲ್ಲಾದ ಚಿಪ್ಪಿನಲ್ಲಿ? ಮೈಯಿಲ್ಲ, ಕಣ್ಣಿಲ್ಲ, ಕಿವಿರಿಲ್ಲ. ಮುಚ್ಚಳ ಕೊಂಬಿನಂತಹ ಮೆತುವಸ್ತುವಿನದಾಗಿದ್ದರೆ ಅದೂ ಕೊಳೆತುಹೋಗಿರುತ್ತದೆ. ಸಿಗಲಿಲ್ಲವೆಂದ ಮಾತ್ರಕ್ಕೆ ಇರಲಿಲ್ಲವೆನ್ನಲಾಗದು. ಉಳಿದಿರುವುದು ಸುರುಳಿಯ ಆಕಾರವೊಂದೇ. ಒಂದೇ ಬಗೆಯ ಬದುಕನ್ನು ಬದುಕುವ ದೂರದ ವಂಶಗಳಿಗೆ ಪ್ರಕೃತಿ ಒಂದೇ ಬಗೆಯ ಆಕಾರವನ್ನು ಕೊಡುವುದುಂಟು. ಪ್ಯೂಪದ ನೀಳ ಗೂಡಿನಾಕಾರ ಎರಡು ವಂಶಗಳಲ್ಲಿಯೂ ಕಾಣುತ್ತದೆ.

ಆದ್ದರಿಂದ ಡಾಸನ್ನನು ಹೋದ ಮೇಲೆ ಹುಳು ಮನೆಯಿಂದ ಮನೆಗೆ ಅಲೆಯತೊಡಗಿತು. 1938ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ವೆಂಟ್ಸ್ ತನ್ನ ಮಹಾಗ್ರಂಥದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನಾದರೂ, ಆ ಸ್ಥಾನ ಕಿವಿರಿನ ವಂಶದವರ ನಡುವೆ. 1979ರಲ್ಲಿ ಅಮೆರಿಕಾದ ಅಲನ್ ಸೋಲೆಂ, ಎಲಿಸ್ ಯೋಕೆಲ್ಸನ್ ಎಂಬಿಬ್ಬರು ಉತ್ತರ ಅಮೆರಿಕಾದ ಪ್ರಾಚೀನ ನೆಲದ ಹುಳುಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ಇದು ಶ್ವಾಸಕೋಶದ ವಂಶದ್ದೇ, ಅಷ್ಟೇ ಅಲ್ಲ, ಇಂದೂ ಬದುಕಿರುವ ಒಂದು ಕುಟುಂಬಕ್ಕೇ ಸೇರಿದ್ದು ಎಂದು ತೀರ್ಪು ಕೊಟ್ಟರು. ಡಾಸನ್ನನು ಕೇಳಿದ್ದರೆ ಹಿಗ್ಗುತ್ತಿದ್ದನು. ಆದರೆ ಎದುರು ವಾದವೂ ಕಡಮೆಯದಲ್ಲ. ಶ್ವಾಸಕೋಶದ ಈ ವಂಶದ ನಿಸ್ಸಂದೇಹವಾದ ಪಳೆಯುಳಿಕೆಗಳು ದೊರೆಯುವುದು ಮಧ್ಯಜೀವಯುಗದ ಕೊನೆಯ ಭಾಗದಿಂದ ಈಚೆಗೆ. ಜಾಗಿನ್ಸಿನ ಹುಳು ಅದೇ ಮನೆತನದ್ದಾದರೆ, ನಡುವಣ ಹದಿನೈದು ಇಪ್ಪತ್ತು ಕೋಟಿ ವರ್ಷಗಳ ಕಾಲ ಆ ಮನೆತನ ಎಲ್ಲಿ ಅಡಗಿತ್ತು? ಜೀವಂತ ಹುಳುಗಳ ವಂಶವಾಹಿಗಳನ್ನು ಹೋಲಿಸಿ ಕವಲೊಡೆದ ಕಾಲವನ್ನು ಲೆಕ್ಕ ಹಾಕುವವರೂ ಅಷ್ಟು ಹಿಂದಕ್ಕೆ ಹೋಗಲು ಒಪ್ಪುತ್ತಿಲ್ಲ. ಹಾಗಾಗಿ ಅದು ಮುಚ್ಚಳದ ವಂಶದ ಹುಳುವೇ ಇರಬೇಕೆಂಬುದು ಹಲವರ ಮತ. ಎರಡೂ ಅಲ್ಲ, ನೆಲಕ್ಕೆ ಬಂದು ನಾಲ್ಕು ದಿನ ಬಾಳಿ ವಂಶವಿಲ್ಲದೆ ಅಳಿದ ಮೂರನೆಯದೊಂದು ಶಾಖೆ ಎನ್ನುವುದಕ್ಕೂ ಎಡೆಯಿದೆ. ನನಗೇನೋ ಈ ಮೂರನೆಯ ಮಾತಿನ ಕಡೆಗೇ ಒಲವು. ಆದರೆ ನನ್ನ ಒಲವು ಸಾಕ್ಷ್ಯವಾಗದು.

ಡಾಸನ್ನನ ಬಾಳಿನಲ್ಲಿ ಇಂತಹುದು ಇದೊಂದೇ ಆಗಿರಲಿಲ್ಲ. ಕೆನಡಾದ ಅತ್ಯಂತ ಪ್ರಾಚೀನ ಶಿಲೆಗಳಲ್ಲಿ ಕಂಡ ಹಸುರು ಬಿಳಿ ಪಟ್ಟೆಗಳ ಒಂದು ರಚನೆಯನ್ನು 1864ರಲ್ಲಿ ಆತನು ಪರೀಕ್ಷಿಸಿ, ಇದು ಜೀವಿಯ ಅವಶೇಷ, ಭೂಮಿಯ ಮೊತ್ತಮೊದಲ ಪ್ರಾಣಿ ಎಂದು ಸಾರಿದನು. ಈಯೋಜೋವನ್, ಅಂದರೆ ಉಷಃಕಾಲದ ಪ್ರಾಣಿ, ಎಂದು ಹೆಸರಿಟ್ಟನು. ಫಿಲಿಪ್ ಕಾರ್ಪೆಂಟರನ ಅಣ್ಣನೂ ಸೂಕ್ಷ್ಮಜೀವಿಗಳ ಪ್ರಸಿದ್ಧ ಪಂಡಿತನೂ ಆದ ವಿಲಿಯಂ ಕಾರ್ಪೆಂಟರ್ ಬೆಂಬಲಕ್ಕೆ ನಿಂತನು. ಎರಡೇ ವರ್ಷಗಳಲ್ಲಿ ಐರ್ಲೆಂಡಿನ ಕಿಂಗ್, ರೌನಿ ಎಂಬಿಬ್ಬರು ಇದು ಬರಿಯ ಖನಿಜವೆಂದರು. 1878ರಲ್ಲಿ ಜರ್ಮನಿಯ ಮೋಬಿಯಸ್ ಅದನ್ನೇ ವಿಸ್ತಾರವಾಗಿ ಸ್ಥಾಪಿಸಿದನು. 1894ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲಿ ಅದೇ ಪಟ್ಟೆಗಳು ಕಂಡುಬಂದವು. ಬೆಂಕಿಯ ಬಾಯಲ್ಲಿ ಯಾವ ಪ್ರಾಣಿ ಬದುಕೀತು? ಲೋಕಕ್ಕೆ ಅಲ್ಲಿಗೆ ವಾದ ಮುಗಿಯಿತು. ಡಾಸನ್ನನಿಗೆ ಮುಗಿಯಲಿಲ್ಲ. ಗಾಸ್ಪೆಯಲ್ಲಿ ಸಿಕ್ಕ ದೊಡ್ಡ ಕಾಂಡವೊಂದನ್ನು ಆತನು 1859ರಲ್ಲಿ ಮೊದಲ ಶಂಕುವೃಕ್ಷವೆಂದೆಣಿಸಿ ಪ್ರೊಟೊಟ್ಯಾಕ್ಸೈಟಿಸ್ ಎಂದು ಕರೆದಿದ್ದನು. ಅದು ಪಾಚಿಯ ಬಗೆಯದೆಂದು 1872ರಲ್ಲಿ ಕರಥರ್ಸ್ ಹಂಗಿಸಿದನು. ಬಹುಕಾಲ ಸೆಣಸಾಡಿ, ಕಡೆಗೆ 1888ರಲ್ಲಿ ತಾನೇ ಹೆಸರನ್ನು ಬದಲಿಸಲು ಡಾಸನ್ನನು ಮುಂದಾದನು. 2001ರಲ್ಲಿ ಹ್ಯೂಬರ್ ಎಂಬ ವಿದ್ವಾಂಸನು ಅದು ಆಳೆತ್ತರವನ್ನೂ ಮೀರಿದ ಅಣಬೆಯೆಂದನು. ಆ ವಿವಾದವೂ ನಿಂತಿಲ್ಲ. 1870ರಲ್ಲಿ ಪ್ರಾಚೀನ ಸಸ್ಯಗಳನ್ನು ಕುರಿತು ರಾಯಲ್ ಸೊಸೈಟಿಯಲ್ಲಿ ಆತನು ಕೊಟ್ಟ ಬೇಕೇರಿಯನ್ ಉಪನ್ಯಾಸವನ್ನು ಆ ಸಂಸ್ಥೆ ಪೂರ್ತಿಯಾಗಿ ಅಚ್ಚುಮಾಡಲು ಒಪ್ಪಲಿಲ್ಲ. ಆ ಪೆಟ್ಟು ಆತನ ಮನಸ್ಸಿಗೆ ತಾಗಿತ್ತು.

ಗೌರವಗಳಿಗೇನೂ ಕೊರತೆಯಾಗಲಿಲ್ಲ. 1882ರಲ್ಲಿ ಕೆನಡಾದ ರಾಯಲ್ ಸೊಸೈಟಿಗೆ ಮೊದಲ ಅಧ್ಯಕ್ಷನಾದನು. ಅಮೆರಿಕಾದ ವಿಜ್ಞಾನ ಪರಿಷತ್ತಿಗೂ ಅದೇ ವರ್ಷ ಅಧ್ಯಕ್ಷನಾದನು. 1884ರಲ್ಲಿ ಸರ್ ಪದವಿ ಬಂತು. 1886ರಲ್ಲಿ ಬ್ರಿಟಿಷ್ ವಿಜ್ಞಾನ ಪರಿಷತ್ತು ಬರ್ಮಿಂಗ್‌ಹ್ಯಾಮಿನ ಅಧಿವೇಶನಕ್ಕೆ ಆತನನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. ಮಗ ಜಾರ್ಜ್ ಡಾಸನ್ ಬಾಲ್ಯದಲ್ಲಿಯೇ ಬೆನ್ನೆಲುಬಿನ ಕ್ಷಯಕ್ಕೆ ತುತ್ತಾಗಿ ಗೂನಾಗಿದ್ದನು, ಎತ್ತರ ಬೆಳೆಯಲಿಲ್ಲ. ಆ ಮೈಯಲ್ಲಿಯೇ ಯೂಕಾನಿನ ಹಿಮಾರಣ್ಯಗಳನ್ನು ಅಳೆದು ದೇಶದ ಭೂಗರ್ಭ ಸಮೀಕ್ಷೆಯ ನಿರ್ದೇಶಕನಾದನು. ಡಾಸನ್ ಪಟ್ಟಣವೆಂದು ಭೂಪಟದಲ್ಲಿ ಕಾಣುವ ಹೆಸರು ತಂದೆಯದಲ್ಲ, ಈ ಮಗನದು. ತಂದೆ ಕಡೆಯ ವರ್ಷಗಳಲ್ಲಿ ಒಂಟಿಯಾದನು. ಆತನೊಡನೆ ವಾದ ಮಾಡುತ್ತಿದ್ದ ತಲೆಮಾರೇ ಹೊರಟುಹೋಗಿತ್ತು. ಹೊಸಬರು ವಾದಿಸುವ ಗೋಜಿಗೆ ಹೋಗದೆ ಮುಂದೆ ಸಾಗುತ್ತಿದ್ದರು. 1899ರ ನವೆಂಬರ್ 19ರಂದು ಸರ್ ವಿಲಿಯಂ ಡಾಸನ್ ಮಾಂಟ್ರಿಯಲ್ಲಿನಲ್ಲಿ ತೀರಿಕೊಂಡನು.

ಬರ್ಮಾ ದೇಶದ ಒಂಬತ್ತು ಮುಕ್ಕಾಲು, ಹತ್ತು ಕೋಟಿ ವರ್ಷಗಳ ಹಳೆಯ ಅಂಬರಿನಲ್ಲಿ ಸಿಕ್ಕಿಕೊಂಡ ಸಣ್ಣ ಬಸವನಹುಳುಗಳನ್ನು 2018ರಿಂದ ಈಚೆಗೆ ವಿದ್ವಾಂಸರು ವರ್ಣಿಸಿದ್ದಾರೆ. ಮರದ ಅಂಟು ಅವುಗಳ ಮೃದುವಾದ ಮೈಯನ್ನು, ಕೊಂಬುಗಳನ್ನು ಕೂಡ ಕಾಪಾಡಿದೆ. ಅವು ಯಾವ ವಂಶದವೆಂದು ಹೇಳಲು ಆಕಾರವೊಂದನ್ನೇ ನಂಬಬೇಕಾಗಿಲ್ಲ. ಜಾಗಿನ್ಸಿನ ಮರಗಳಲ್ಲಿ ಅಂತಹ ಅಂಟಿರಲಿಲ್ಲ. ಆ ಬಂಡೆಗಳನ್ನು 2008ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವದ ಪರಂಪರೆಯ ತಾಣವೆಂದು ಸಾರಿತು. ಈಗ ಅಲ್ಲಿ ಅಪ್ಪಣೆಯಿಲ್ಲದೆ ಸುತ್ತಿಗೆ ಎತ್ತುವಂತ್ತಿಲ್ಲ. ಸುತ್ತಿಗೆಯ ಕೆಲಸವನ್ನು ಕಡಲೇ ಮಾಡುತ್ತಿದೆ. ಒಂದು ಮರ ಉರುಳಿ ಬಿದ್ದಲ್ಲಿ ಅದರ ಹಿಂದೆ ಇನ್ನೊಂದು ಮರ ಮೈದೋರುತ್ತದೆ, ಅದರ ಒಡಲಲ್ಲಿ ಮತ್ತಷ್ಟು ಚಿಪ್ಪುಗಳು.